ಮಗುವಿಗೆ ಹತ್ತಿ ಹಾಸಿಗೆ, ಸಾವಯವ ಬೆಡ್‌ಶೀಟ್: ಮಗಳಿಗೆ ಮೂರು ತುಂಬಿದ ಮೇಲೆ ಬರೆದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಸಾವಯವ ಹತ್ತಿ ಅಂತ ಜಾಸ್ತಿ ದುಡ್ಡು ಕೊಡೋದಾದರೆ ಬೆಡ್‌ಶೀಟ್‌ಗೆ ಕೊಡಿ. ಹಾಸಿಗೆಗೆ ಕೊಡಬೇಡಿ. ಹಾಸಿಗೆಯನ್ನು ನಿಮ್ಮ ಊರಲ್ಲೇ ಹತ್ತಿ ಹಿಂಜುವವರ ಹತ್ತಿರ ಗಟ್ಟಿಯಾಗಿ ತುಂಬಿಸಿ ಹೊಲಿಸಿ. ದಿಂಬು, ಪಕ್ಕದ ದುಂಡು ದಿಂಬು, ಮೆತ್ತನೆಯ ಹೊದಿಕೆ ಇವು ಯಾವುವೂ ಮೊದಲ ವರ್ಷ ಬೇಡವೇ ಬೇಡ, ಅದು ಎಷ್ಟೇ ಶುದ್ಧ ಸಾವಯವ ಆಗಿರಲಿ. ನಾವಿರುವುದು ಧಾರವಾಡದಲ್ಲಿ. ಮಗಳಿಗೆ ಈಗ ಮೂರು ತುಂಬಿದೆ. ಹುಟ್ಟಿದಾಗಿನಿಂದ ಅವಳು ಮಲಗಿದ ಹಾಸಿಗೆ ಇವತ್ತಿಗೂ ಬಳಕೆಯಲ್ಲಿದೆ, ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಹೆರಿಗೆಗೆ ಮುಂಚೆಯೇ ಒಂದು ಬೇಬಿ ಬೆಡ್ ಸೆಟ್ ಉಡುಗೊರೆ ಬಂದಿತ್ತು. ನಿಮ್ಮ ಮನೆಗೂ ಬಂದಿರುತ್ತದೆ: ಸಣ್ಣ ಹಾಸಿಗೆ, ಸೊಳ್ಳೆಪರದೆ, ತಲೆಗೊಂದು ದಿಂಬು, ಎರಡು ಕಡೆ ದುಂಡು ದಿಂಬು. ಪ್ಯಾಕೆಟ್ ಮೇಲೆ ದೊಡ್ಡದಾಗಿ ಸಾವಯವ ಹತ್ತಿ, ನೈಸರ್ಗಿಕ ಅಂತೆಲ್ಲ ಬರೆದಿತ್ತು. ಕೈಯಲ್ಲಿ ಒತ್ತಿದರೆ ಯಾಕೋ ಹತ್ತಿ ಅನಿಸಲಿಲ್ಲ, ಜಾಸ್ತಿ ಪುಟಿಯುತ್ತಿತ್ತು. ಮೂಲೆಯಲ್ಲಿ ನಾಲ್ಕು ಹೊಲಿಗೆ ಬಿಚ್ಚಿ ಒಂದು ಚಿಟಿಕೆ ಹೊರಗೆ ಎಳೆದೆ. ಬೆಳ್ಳಗೆ ಮಿಂಚುತ್ತಿತ್ತು, ಒಂದು ಬೀಜದ ಚೂರೂ ಇಲ್ಲ. ಅಂಗಳದಲ್ಲಿ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ಹಚ್ಚಿದೆ. ಹತ್ತಿ ಆಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೆರಳಿಗೆ ಪುಡಿಯಾಗುವ ಬೂದಿ ಉಳಿಯುತ್ತದೆ. ಇದು ಮುದುರಿಕೊಂಡು, ಕರಗಿ, ಕಪ್ಪಗೆ ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್. ಆಮೇಲೆ ಲೇಬಲ್ ಸರಿಯಾಗಿ ಓದಿದರೆ ಮೇಲಿನ ಬಟ್ಟೆ ಮಾತ್ರ ಸಾವಯವ ಹತ್ತಿಯದು, ಒಳಗಿನ ತುಂಬುವಿಕೆ ಏನು ಅನ್ನೋ ಮಾತೇ ಇಲ್ಲ. ಕಂಪನಿಗೆ ಬರೆದೆ, ಉತ್ತರ ಬರಲಿಲ್ಲ. ನನಗೆ ಸಿಟ್ಟು ಬಂದಿದ್ದು ಪಾಲಿಯೆಸ್ಟರ್ ಇದೆ ಅಂತಲ್ಲ. ತಾಯಂದಿರು ನಂಬಿ ಕೊಳ್ಳುವ ಜಾಗದಲ್ಲಿ ಅರ್ಧ ಮಾತು ಹೇಳಿ ಪೂರ್ತಿ ದುಡ್ಡು ತೆಗೆದುಕೊಳ್ಳುತ್ತಾರಲ್ಲ, ಅದಕ್ಕೆ. ಹಾಗಾಗಿ ಏನೇ ಕೊಳ್ಳಿ, ಮೇಲಿನ ಬಟ್ಟೆ ಯಾವುದು, ಒಳಗೆ ತುಂಬಿರುವುದು ಯಾವುದು ಅಂತ ಬೇರೆ ಬೇರೆಯಾಗಿ ಕೇಳಿ.

ಆ ಸೆಟ್ ಬಳಸದೇ ಇದ್ದುದಕ್ಕೆ ಇನ್ನೂ ದೊಡ್ಡ ಕಾರಣ ಬೇರೆ. ಮಗು ಮಲಗುವ ಜಾಗ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು, ಮಗುವನ್ನು ಬೆನ್ನ ಮೇಲೆ ಮಲಗಿಸಬೇಕು, ಹತ್ತಿರ ದಿಂಬು, ಹೊದಿಕೆ, ಗೊಂಬೆ ಏನೂ ಇರಬಾರದು. ನಮ್ಮ ಮಕ್ಕಳ ಡಾಕ್ಟರ್ ಮೊದಲ ಭೇಟಿಯಲ್ಲೇ ಹೇಳಿದ್ದು ಇದನ್ನು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಹೊಸದಾಗಿ ಕೊಟ್ಟ ಸಲಹೆಯೂ ಇದೇ. ಅಲ್ಲಿ 1994ರಲ್ಲಿ ಮಕ್ಕಳನ್ನು ಬೆನ್ನ ಮೇಲೆ ಮಲಗಿಸಿ ಅಂತ ದೊಡ್ಡ ಪ್ರಚಾರ ಶುರುವಾಯಿತು. ಮುಂದಿನ ವರ್ಷಗಳಲ್ಲಿ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಮಕ್ಕಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಸಣ್ಣ ಮಗುವಿಗೆ ಮುಖ ಮೆತ್ತನೆಯದರಲ್ಲಿ ಹುದುಗಿದರೆ ತಲೆ ತಿರುಗಿಸಿಕೊಳ್ಳುವ ಶಕ್ತಿ ಇರಲ್ಲ. ಅದು ಸಾವಯವ ಹತ್ತಿಯಾದರೂ ಅಷ್ಟೇ, ಸ್ಪಂಜಾದರೂ ಅಷ್ಟೇ. ನೈಸರ್ಗಿಕ ಅಂದ ಮಾತ್ರಕ್ಕೆ ಸುರಕ್ಷಿತ ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ, ಅಲ್ವಾ? ಅದಕ್ಕೇ ಮೊದಲು ಗಟ್ಟಿ, ಆಮೇಲೆ ಸಾವಯವ ಅಂತ ಮನೆಯಲ್ಲಿ ತೀರ್ಮಾನ ಮಾಡಿಕೊಂಡೆವು.

ಹಾಸಿಗೆ ಹೊಲಿಸಿದ್ದು ಹುಬ್ಬಳ್ಳಿಯಲ್ಲಿ. ತಲೆಮಾರುಗಳಿಂದ ಹತ್ತಿ ಹಿಂಜುವ ಕೆಲಸ ಮಾಡಿಕೊಂಡು ಬಂದ ಪಿಂಜಾರ ಮನೆತನದವರ ಅಂಗಡಿ. ಈಗ ಹತ್ತಿ ಹಿಂಜುವ ಬಿಲ್ಲು ಇಲ್ಲ, ಮೋಟಾರ್ ಯಂತ್ರ ಇದೆ, ಆದರೆ ಕೈಗೆ ಹತ್ತಿ ತಾಗಿದ ಕೂಡಲೇ ಹಳೆಯದೋ ಹೊಸದೋ, ಮಿಲ್ಲಿನ ಕಸವೋ ಅಂತ ಹೇಳುತ್ತಾರೆ. ಇದು ಗಮನಿಸಬೇಕಾದ ವಿಷಯ. ಅಗ್ಗದ ಹಾಸಿಗೆಗಳಲ್ಲಿ ತುಂಬುವುದು ಬಟ್ಟೆ ಗಿರಣಿಯ ಚೂರು, ಹಳೇ ಬಟ್ಟೆ ಹಿಂಜಿದ್ದು. ಅದರಲ್ಲಿ ಬಣ್ಣ ಬಣ್ಣದ ಎಳೆ ಕಾಣುತ್ತದೆ. ನಾವು ಜಯಧರ ಹತ್ತಿ ಬೇಕು ಅಂತ ಕೇಳಿದೆವು. ಧಾರವಾಡ, ಗದಗ ಕಡೆಯ ಕಪ್ಪು ನೆಲದಲ್ಲಿ ಮಳೆ ನೀರಿಗೇ ಬೆಳೆಯುವ ನಾಟಿ ಹತ್ತಿ ಅದು. ದೇಶದ ಹತ್ತಿ ಹೊಲಗಳಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ಬಿಟಿ, ಅಂದರೆ ಕುಲಾಂತರಿ ಹತ್ತಿ, ಆಗಿಹೋಗಿರುವಾಗ ಇದನ್ನು ಇನ್ನೂ ಬಿತ್ತುವ ರೈತರು ಇದ್ದಾರೆ ಅನ್ನೋದೇ ಖುಷಿ. ನಾಟಿ ಹತ್ತಿಗೆ ರಸ ಹೀರುವ ಕೀಟದ ಕಾಟ ಕಡಿಮೆ, ಔಷಧಿ ಹೊಡೆಯುವುದೂ ಕಡಿಮೆ. ಎಳೆ ಗಿಡ್ಡ, ಸ್ವಲ್ಪ ಒರಟು. ನುಣುಪು ಬಟ್ಟೆ ನೇಯಲು ಅದು ಕೊರತೆ, ಹಾಸಿಗೆಗೆ ಮಾತ್ರ ಅದೇ ಗುಣ, ಯಾಕೆಂದರೆ ಬೇಗ ಚಪ್ಪಟೆ ಆಗಲ್ಲ. ಸರ್ಟಿಫಿಕೇಟ್ ಏನೂ ಇಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಹತ್ತಿ ಕಣ್ಣೆದುರೇ ಹಿಂಜಿ, ಕಣ್ಣೆದುರೇ ತುಂಬಿದರು.

ಅಳತೆ 52 ಇಂಚು ಉದ್ದ, 28 ಇಂಚು ಅಗಲ, ನಾಲ್ಕು ಇಂಚು ದಪ್ಪ. ಕಾಟ್‌ಗೆ ರೆಡಿಮೇಡ್ ಫಿಟ್ಟೆಡ್ ಶೀಟ್‌ಗಳು ಈ ಅಳತೆಗೆ ಸಿಗುತ್ತವೆ, ಅದಕ್ಕೇ ಶೀಟ್ ಮೊದಲು ನೋಡಿ ಆಮೇಲೆ ಹಾಸಿಗೆ ಹೊಲಿಸಿದೆವು. ಅಂಗಡಿಯವರು ಆರು ಕೆಜಿ ಹತ್ತಿ ಸಾಕು, ಮೆತ್ತಗಿರುತ್ತದೆ ಅಂದರು. ಮೆತ್ತಗೆ ಬೇಡ ಅಂತ ಎಂಟು ಕೆಜಿ ತುಂಬಿಸಿ, ಹತ್ತಿ ಸರಿಯದ ಹಾಗೆ ಗೇಣಿಗೊಂದು ಟಾಕಿ (ಆರಪಾರ ಹೊಲಿಗೆ) ಹಾಕಿಸಿದೆವು. ಅಂಗೈ ಊರಿ ಜೋರಾಗಿ ಒತ್ತಿ ಎತ್ತಿದರೆ ಕೈಯಚ್ಚು ಉಳಿಯಬಾರದು, ಅಷ್ಟು ಗಟ್ಟಿ ಇರಬೇಕು. ನೋಡಲು ಬಂದ ದೊಡ್ಡವರೆಲ್ಲ ‘ಅಯ್ಯೋ, ಕೂಸಿಗೆ ಇಷ್ಟು ಗಟ್ಟಿಯಾ’ ಅಂದರು. ಕೂಸು ಚೆನ್ನಾಗಿಯೇ ನಿದ್ದೆ ಮಾಡಿತು. ತೊಟ್ಟಿಲು, ಕಾಟ್ ಬಳಸುವವರು ಹಾಸಿಗೆಗೂ ಅಂಚಿಗೂ ನಡುವೆ ಎರಡು ಬೆರಳಿಗಿಂತ ಜಾಸ್ತಿ ಸಂದು ಇರದ ಹಾಗೆ ನೋಡಿಕೊಳ್ಳಿ. ನಾವು ನೆಲದ ಮೇಲೆ ನಮ್ಮ ಹಾಸಿಗೆ ಪಕ್ಕದಲ್ಲೇ ಬೇರೆಯಾಗಿ ಹಾಸಿದೆವು. ಮಗು ಕೈಗೆಟುಕುವಷ್ಟು ಹತ್ತಿರ, ಆದರೆ ಅದರ ಜಾಗ ಅದರದ್ದೇ. ಸೀರೆಯ ಜೋಲಿಯಲ್ಲಿ ಅಳು ನಿಲ್ಲುತ್ತದೆ ನಿಜ, ಆದರೆ ಅದರಲ್ಲಿ ಗದ್ದ ಎದೆಗೆ ಒತ್ತುತ್ತದೆ, ಬೆನ್ನು ಬಾಗುತ್ತದೆ. ಮಗು ನಿದ್ದೆ ಹೋದ ಕೂಡಲೇ ಎತ್ತಿ ಹಾಸಿಗೆಗೆ ಹಾಕುತ್ತಿದ್ದೆವು.

ಇನ್ನು ಬಾಳಿಕೆ. ಮೊದಲ ವರ್ಷ ಏನೂ ತಕರಾರಿಲ್ಲ. ಎರಡನೇ ಮಳೆಗಾಲದ ಹೊತ್ತಿಗೆ ಸೊಂಟದ ಜಾಗದಲ್ಲಿ ಸ್ವಲ್ಪ ತಗ್ಗು ಬಿತ್ತು. ಹತ್ತಿ ಹಾಸಿಗೆ ಅಂದ ಮೇಲೆ ಇದು ಇದ್ದದ್ದೇ. ಮತ್ತೆ ಹಿಂಜಿಸಿ ತುಂಬಿಸಿದೆವು, ಹೊಸದರ ಹಾಗೇ ಆಯಿತು. ಸ್ಪಂಜಿನ ಹಾಸಿಗೆ ತಗ್ಗು ಬಿದ್ದರೆ ಕಸಕ್ಕೆ ಹೋಗುತ್ತದೆ, ಇದು ಹಾಗಲ್ಲ. ದೊಡ್ಡ ತಲೆನೋವು ಮಳೆ. ಧಾರವಾಡದ ಜಿಟಿಜಿಟಿ ಮಳೆ ಜೂನ್‌ನಲ್ಲಿ ಹಿಡಿದರೆ ಬಿಡುವುದೇ ಇಲ್ಲ, ಹತ್ತಿ ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅಡಿಯಲ್ಲಿ ಚಾಪೆ ಇರಲಿ, ಬಿಸಿಲು ಒಂದು ಗಂಟೆ ಬಂದರೂ ಎಳೆದು ಹೊರಗೆ ಹಾಕಿ. ಇಷ್ಟು ಮಾಡಿದ್ದಕ್ಕೆ ನಮ್ಮದಕ್ಕೆ ಬೂಷ್ಟು ಹಿಡಿಯಲಿಲ್ಲ. ಫ್ಲ್ಯಾಟಿನಲ್ಲಿ ಬಿಸಿಲೇ ಬರಲ್ಲ ಅನ್ನುವವರಿಗೆ, ಮಲೆನಾಡು, ಕರಾವಳಿಯವರಿಗೆ ಹತ್ತಿ ಹಾಸಿಗೆ ಕಷ್ಟ. ನಿಜ ಹೇಳಬೇಕಲ್ಲ.

ಮಗುವಿನ ಉಚ್ಚೆ ವಿಷಯಕ್ಕೆ ಬಂದರೆ ಸಾವಯವ ಅಂತ ಹಟ ಹಿಡಿಯಬೇಡಿ. ಹಾಸಿಗೆ ಒಳಗೆ ಉಚ್ಚೆ ಇಳಿದರೆ ತೊಳೆಯಲು ಆಗಲ್ಲ, ಒಣಗಲ್ಲ, ವಾಸನೆ ಹೋಗಲ್ಲ. ಅದಕ್ಕೆ ಮೇಲೆ ಹತ್ತಿ, ಕೆಳಗೆ ತೆಳುವಾದ ಪಾಲಿಯುರೆಥೇನ್ ಪದರ ಇರುವ ಶೀಟನ್ನು ಹಾಸಿಗೆಗೆ ಹಾಕಿದೆವು, ಅದರ ಮೇಲೆ ಸಾವಯವ ಬೆಡ್‌ಶೀಟ್. ಪ್ಲಾಸ್ಟಿಕ್ ಅನ್ನೋದು ಮೈಗೆ ತಾಗಲ್ಲ, ಹಾಸಿಗೆಯೂ ಉಳಿಯುತ್ತದೆ. ನಮ್ಮ ಅಜ್ಜಿ ಹಾಸಿಗೆ ಮೇಲೆ ಕಂಬಳಿ ಹಾಸಿ ಅದರ ಮೇಲೆ ಬಟ್ಟೆ ಹಾಕುತ್ತಿದ್ದರು. ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವ ಹೀರಿದರೂ ಒದ್ದೆ ಅನಿಸಲ್ಲ, ಹಳಬರ ಲೆಕ್ಕ ಸರಿಯಾಗೇ ಇದೆ. ಆದರೆ ಮಳೆಗಾಲದಲ್ಲಿ ಕಂಬಳಿ ತೊಳೆದು ಒಣಗಿಸುವವರು ಯಾರು?

ಈಗ ಬೆಡ್‌ಶೀಟ್. ಇಲ್ಲಿ ನಾನು ಧಾರಾಳವಾಗಿ ಖರ್ಚು ಮಾಡಿದ್ದೇನೆ, ಮತ್ತೆ ಮಾಡುತ್ತೇನೆ. ಮಗುವಿನ ಮೈ ದಿನದ ಹೆಚ್ಚು ಹೊತ್ತು ತಾಗಿಕೊಂಡಿರುವುದು ಇದಕ್ಕೇ. ಮಗುಚಿಕೊಳ್ಳಲು ಕಲಿತ ಮೇಲೆ ಅದನ್ನೇ ಬಾಯಿಗೆ ಹಾಕಿ ಚೀಪುತ್ತದೆ. ನಾನು ಕೊಂಡಿದ್ದು ಗಾಟ್ಸ್ (GOTS, ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣ) ಗುರುತು ಇರುವುದನ್ನು. ಸಾವಯವ ಅನ್ನುವ ದರ್ಜೆಗೆ ಕನಿಷ್ಠ 95 ಪರ್ಸೆಂಟ್ ಸಾವಯವ ನೂಲು ಇರಬೇಕು, ಸಾವಯವ ನೂಲು ಬಳಸಿ ಮಾಡಿದ್ದು ಅನ್ನುವ ಕೆಳಗಿನ ದರ್ಜೆಗೆ 70 ಸಾಕು. ಹೊಲ ಮಾತ್ರವಲ್ಲ, ಬಣ್ಣ, ಬ್ಲೀಚ್, ನೇಯ್ಗೆ ಎಲ್ಲಕ್ಕೂ ಅವರ ನಿಯಮ ಇದೆ. ಬರೀ ಗುರುತು ನೋಡಿ ಕೊಳ್ಳಬೇಡಿ. 2020ರಲ್ಲಿ ನಮ್ಮ ದೇಶದಲ್ಲೇ 20,000 ಟನ್ ಹತ್ತಿಗೆ ನಕಲಿ ಪ್ರಮಾಣಪತ್ರ ಸೃಷ್ಟಿ ಮಾಡಿದ್ದನ್ನು ಗಾಟ್ಸ್‌ನವರೇ ಪತ್ತೆ ಹಚ್ಚಿ 11 ಕಂಪನಿಗಳನ್ನು ಹೊರಗೆ ಹಾಕಿದ್ದರು. ಲೇಬಲ್ ಮೇಲೆ ಲೈಸೆನ್ಸ್ ನಂಬರ್, ಪರೀಕ್ಷೆ ಮಾಡಿದ ಸಂಸ್ಥೆಯ ಹೆಸರು ಇರಬೇಕು. ಆ ನಂಬರನ್ನು ಗಾಟ್ಸ್ ವೆಬ್‌ಸೈಟಿನಲ್ಲಿ ಹಾಕಿ ಹುಡುಕಿದರೆ ಕಂಪನಿ ಹೆಸರು ಬರುತ್ತದೆ. ಎರಡು ನಿಮಿಷದ ಕೆಲಸ. ನಾನು ನೋಡಿದ ಒಂದು ದುಬಾರಿ ಶೀಟಿನ ನಂಬರ್ ಹಾಕಿದರೆ ಏನೂ ಬರಲಿಲ್ಲ, ಅದನ್ನು ಬಿಟ್ಟೆ.

ಓಕೋ-ಟೆಕ್ಸ್ (OEKO-TEX) ಅಂತ ಇನ್ನೊಂದು ಗುರುತು ಇರುತ್ತದೆ. ಅದು ಸಾವಯವ ಅಂತ ಹೇಳಲ್ಲ. ಸಿದ್ಧವಾದ ಬಟ್ಟೆಯಲ್ಲಿ ಹಾನಿಕಾರಕ ರಾಸಾಯನಿಕ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿರುತ್ತಾರೆ. ಅದರಲ್ಲಿ ಮೂರು ವರ್ಷದ ಒಳಗಿನ ಮಕ್ಕಳ ಬಟ್ಟೆ ಒಂದನೇ ದರ್ಜೆ, ನಿಯಮ ಎಲ್ಲಕ್ಕಿಂತ ಬಿಗಿ. ಬಜೆಟ್ ಕಡಿಮೆ ಇದ್ದರೆ ಇದು ಸಾಕು ಅಂತ ನನ್ನ ಅಭಿಪ್ರಾಯ, ಮಗುವಿನ ಮೈ ಮಟ್ಟಿಗೆ ಮುಖ್ಯವಾದದ್ದು ಇದೇ. ಸುಕ್ಕಾಗದ ಬೆಡ್‌ಶೀಟ್ ಅಂತ ಮಾರುವುದನ್ನು ಮಾತ್ರ ಮುಟ್ಟಬೇಡಿ, ಸುಕ್ಕು ಬೀಳದಿರಲಿ ಅಂತ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುವ ಅಂಟು ಹಾಕಿರುತ್ತಾರೆ. ಬಿದಿರಿನ ಬಟ್ಟೆ ಅನ್ನೋದು ಕೂಡ ಬಹುಪಾಲು ರೇಯಾನ್, ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆ ತೆಗೆದದ್ದು. ಮೆತ್ತಗಿರುತ್ತದೆ, ಆದರೆ ನೈಸರ್ಗಿಕ ಅಂತ ಅದಕ್ಕೆ ಜಾಸ್ತಿ ಕೊಡುವ ಅಗತ್ಯ ಇಲ್ಲ.

ಮೂರು ಶೀಟ್ ಇದ್ದರೆ ಆರಾಮ. ನಮ್ಮವು ಒಂದೊಂದಕ್ಕೆ ಸಾವಿರದ ಮೇಲೆ ಬಿದ್ದವು. ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗಿ ಮೂಲೆಗೆ ಎಳೆದು ಹಾಕಬೇಕಾಯಿತು, ಅದು ಒಳ್ಳೆಯದೇ, ಸಡಿಲ ಬಟ್ಟೆ ಮುಖಕ್ಕೆ ಬರಲ್ಲ. ಶೀಟಿನ ಬಣ್ಣ ಕೆನೆಯ ಹಾಗಿತ್ತು, ಈಗಲೂ ಹಾಗೇ ಇದೆ, ಕಲೆ ಮಾತ್ರ ಪೂರ್ತಿ ಹೋಗಲ್ಲ. ಬಟ್ಟೆ ಒಗೆದಷ್ಟೂ ಮೆತ್ತಗಾಯಿತು. ಎಲಾಸ್ಟಿಕ್ ಸಡಿಲಾಯಿತು, ದರ್ಜಿ ಹತ್ತಿರ ಹೊಸದು ಹಾಕಿಸಿದೆ. ಒಂದು ಶೀಟ್ ನಡುವೆ ತೆಳುವಾಗಿದೆ, ಇನ್ನೆರಡು ಗಟ್ಟಿ.

ಬೂರುಗದ ಹತ್ತಿ ಹಾಸಿಗೆ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹಗುರ, ತಂಪು, ನೀರು ಬೇಗ ಹಿಡಿಯಲ್ಲ, ದೊಡ್ಡವರ ದಿಂಬಿಗೆ ಅದರಂಥದ್ದು ಇಲ್ಲ. ಆದರೆ ಮಗು ಅದರಲ್ಲಿ ಹುದುಗುತ್ತದೆ, ಹಾಗಾಗಿ ಬೇಡ. ತೆಂಗಿನ ನಾರಿನ ಹಾಸಿಗೆ ಗಟ್ಟಿ ಇರುತ್ತದೆ, ಮಳೆ ಊರಿನವರು ಅದನ್ನು ನೋಡಬಹುದು. ಕೊಳ್ಳುವಾಗ ಮೂಸಿ ನೋಡಿ, ರಬ್ಬರ್ ವಾಸನೆ ಜೋರಾಗಿದ್ದರೆ ಕೆಲವು ದಿನ ಗಾಳಿಗೆ ಬಿಡಿ.

ದಿಂಬಿನ ವಿಷಯದಲ್ಲಿ ಮನೆಯಲ್ಲಿ ವಾದವೇ ಆಯಿತು. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು, ರಾಗಿ ದಿಂಬು ಹಾಕುವುದು ನಮ್ಮಲ್ಲಿ ರೂಢಿ. ಅತ್ತೆ ಪ್ರೀತಿಯಿಂದ ಒಂದು ಹೊಲಿದು ತಂದಿದ್ದರು. ಡಾಕ್ಟರ್ ಹತ್ತಿರ ಅವರನ್ನೇ ಕರೆದುಕೊಂಡು ಹೋದೆ. ಎಚ್ಚರ ಇರುವಾಗ ಕಣ್ಣೆದುರೇ ಹೊಟ್ಟೆ ಮೇಲೆ ಮಲಗಿಸಿ, ಮಲಗುವಾಗ ತಲೆ ಒಂದು ಸಲ ಆ ಕಡೆ ಒಂದು ಸಲ ಈ ಕಡೆ ತಿರುಗಿಸಿ, ದಿಂಬು ಬೇಡ ಅಂತ ಅವರು ಸಮಾಧಾನವಾಗಿ ಹೇಳಿದ ಮೇಲೆ ಅತ್ತೆಯೇ ಅದನ್ನು ಎತ್ತಿಟ್ಟರು. ಅವರು ಹೊಲಿದಿದ್ದ ಕೌದಿ ಮಾತ್ರ ಮೊದಲ ದಿನದಿಂದಲೂ ಕೆಲಸಕ್ಕೆ ಬಂತು. ಹಳೇ ಹತ್ತಿ ಸೀರೆಗಳದ್ದು, ವರ್ಷಗಟ್ಟಲೆ ಒಗೆದು ಗಂಜಿ, ಬಣ್ಣ ಎಲ್ಲ ಬಿಟ್ಟು ಮೆತ್ತಗಾಗಿರುವ ಬಟ್ಟೆ. ಮೊದಲ ವರ್ಷ ನೆಲಕ್ಕೆ ಹಾಸಿ ಎಣ್ಣೆ ಹಚ್ಚುವುದು, ಆಡಿಸುವುದು ಎಲ್ಲ ಅದರ ಮೇಲೆ. ಚಳಿಗೆ ಹೊದಿಸುವ ಬದಲು ಒಂದು ಪದರ ಬಟ್ಟೆ ಜಾಸ್ತಿ ಹಾಕುತ್ತಿದ್ದೆ. ವರ್ಷ ತುಂಬಿದ ಮೇಲೆ ಅದೇ ಕೌದಿ ಹೊದಿಕೆಯಾಯಿತು, ಈಗ ಅದು ಇಲ್ಲದೆ ಅವಳು ಮಲಗಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ಹತ್ತಿ, ಬಟ್ಟೆ, ಕೂಲಿ, ಮತ್ತೆ ಹಿಂಜಿಸಿದ್ದು, ಮೂರು ಶೀಟ್ ಎಲ್ಲ ಸೇರಿಸಿದರೂ ಆನ್‌ಲೈನ್‌ನಲ್ಲಿ ನೋಡಿದ ಒಂದು ಸಾವಯವ ಹಾಸಿಗೆಯ ಬೆಲೆಗಿಂತ ಕಡಿಮೆಯೇ ಆಯಿತು. ತಮ್ಮನ ಹೆಂಡತಿಗೆ ಡಿಸೆಂಬರ್‌ಗೆ ಹೆರಿಗೆ, ಹಾಸಿಗೆ ಕೊಡ್ತೀಯಾ ಅಂತ ಕೇಳಿದ್ದಾಳೆ. ಇದ್ದ ಹಾಗೇ ಕೊಡಲ್ಲ. ದೀಪಾವಳಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಹುಬ್ಬಳ್ಳಿಗೆ ಒಯ್ದು, ಹತ್ತಿ ಬಿಚ್ಚಿ ಒಣಗಿಸಿ ಹಿಂಜಿಸಿ, ಹೊಸ ಬಟ್ಟೆಯಲ್ಲಿ, ಬೇಕಾದರೆ ಒಂದು ಕೆಜಿ ಜಾಸ್ತಿ ಹತ್ತಿ ಹಾಕಿಸಿ ಕೊಡುತ್ತೇನೆ. ಗಟ್ಟಿ ಇರುವ ಎರಡು ಶೀಟ್ ಅವಳಿಗೇ, ತೆಳುವಾಗಿರುವುದು ನನ್ನ ಹತ್ತಿರ ಇರಲಿ.