ಒಪಿನೆಲ್ ನಂಬರ್ 8 ಕಾರ್ಬನ್ ಚಾಕು: ಹರಿತಕ್ಕೆ ಫುಲ್ ಮಾರ್ಕ್ಸ್, ತುಕ್ಕಿನ ಉಸಾಬರಿ ಮಾತ್ರ ನಿಮ್ದು

ಮೊದ್ಲೇ ಹೇಳ್ಬಿಡ್ತೀನಿ, ಕೆಲ್ಸ ಆದ್ಮೇಲೆ ಒರೆಸಿಡೋ ಅಭ್ಯಾಸ ಇಲ್ದೋರು ಈ ಚಾಕು ತಗೋಬೇಡಿ, ಇದೇ ಕಂಪನಿದು ಸ್ಟೇನ್‌ಲೆಸ್ ಬರತ್ತೆ ಅದನ್ನೇ ತಗೊಳ್ಳಿ. ಒರೆಸೋ ಜನ ಆದ್ರೆ ಮುಂದೆ ಓದಿ.

ಫ್ರಾನ್ಸಿನ ಆಲ್ಪ್ಸ್ ಕಡೆ ಸವೊಯ್ ಅಂತ ಬೆಟ್ಟದ ಸೀಮೆ ಇದೆ, ಅಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಅನ್ನೋರು ರೈತರ ಜೇಬಿಗೆ ಅಂತ ಮಾಡಿದ ಮಡಚೋ ಚಾಕು ಇದು. ಆಗಿಂದ ಡಿಸೈನ್ ಹೆಚ್ಚೇನೂ ಬದಲಾಗಿಲ್ಲ, ಒಂದು ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಒಂದು ಲೋಹದ ಪಟ್ಟಿ, ಆಮೇಲೆ 1955ರಲ್ಲಿ ಸೇರಿಸಿದ ತಿರುಗೋ ರಿಂಗು ಅಷ್ಟೇ. ರಿಂಗ್ ತಿರುಗಿಸಿದ್ರೆ ಅಲಗು ಲಾಕ್ ಆಗತ್ತೆ, ಬೆರಳಿನ ಮೇಲೆ ಮಡಚ್ಕೊಳ್ಳಲ್ಲ. ನಂಬರ್ 8ರ ಅಲಗು ಎಂಟೂವರೆ ಸೆಂಟಿಮೀಟರ್, ಹಣ್ಣು ತರಕಾರಿಗೆ ಹೇಳಿ ಮಾಡ್ಸಿದ ಸೈಜು. ತೆಳು ಅಲಗು, ಟೊಮೇಟೊ ಸಿಪ್ಪೆ ಮೇಲೆ ಇಟ್ರೆ ಸಾಕು ಇಳಿಯತ್ತೆ, ಬೀನ್ಸ್ ತೊಂಡೆಕಾಯಿ ಎಲ್ಲಾ ಸಣ್ಣಗೆ ಹೆಚ್ಬೋದು. ಹರಿತ ಹೋದ್ರೂ ತಲೆಬಿಸಿ ಇಲ್ಲ, ಸಾಣೆಕಲ್ಲು ಸಿಗ್ದಿದ್ರೆ ಪಿಂಗಾಣಿ ಕಪ್ಪಿನ ತಳದಲ್ಲಿ ಹೊಳಪಿಲ್ದೇ ಒರಟಾಗಿರೋ ವೃತ್ತ ಇರತ್ತಲ್ಲ, ಅದರ ಮೇಲೆ ನಾಲ್ಕು ಸಲ ಎಳೆದ್ರೂ ಹರಿತ ವಾಪಸ್. ಸ್ಟೇನ್‌ಲೆಸ್‌ನಲ್ಲಿ ಇಷ್ಟು ಸಲೀಸಾಗಿ ಆಗಲ್ಲ ಅನ್ನೋದು ನನ್ನ ಅನುಭವ.

ಈಗ ಅಸಲಿ ವಿಷಯ. ಸ್ಟೇನ್‌ಲೆಸ್ ಅನ್ಸ್ಕೊಳ್ಳೋಕೆ ಉಕ್ಕಲ್ಲಿ ಕಡಿಮೆ ಅಂದ್ರೂ 10.5 ಪರ್ಸೆಂಟ್ ಕ್ರೋಮಿಯಂ ಇರ್ಬೇಕು, ಈ ಕಾರ್ಬನ್ ಅಲಗಲ್ಲಿ ಅದು ಹೆಸರಿಗೂ ಇಲ್ಲ ಅನ್ನಿ. ಹಾಗಾಗಿ ನಮ್ಮ ಮಲೆನಾಡಿನ ಜೂನ್ ಜುಲೈನಲ್ಲಿ, ಬೆಲ್ಟು ಚಪ್ಪಲಿ ಪುಸ್ತಕ ಎಲ್ಲದಕ್ಕೂ ಬೂಷ್ಟು ಬರೋ ಟೈಮಲ್ಲಿ, ಈ ಚಾಕು ಸುಮ್ನೆ ಡ್ರಾಯರಲ್ಲಿ ಇದ್ರೂ ಕೆಂಪು ಚುಕ್ಕೆ ಹಿಡಿಯತ್ತೆ. ಆದ್ರೆ ಒಂದು ತಿಳ್ಕೊಳ್ಳಿ, ಅಲಗು ಕಪ್ಪಾದ್ರೆ ಅದು ತುಕ್ಕಲ್ಲ. ಬಾಳೆಕಾಯಿ ಹೆಚ್ಚಿ ನೋಡಿ, ಹಸಿ ಅಡಿಕೆ ಸುಲಿದು ನೋಡಿ, ಸ್ವಲ್ಪ ಹೊತ್ತಲ್ಲೇ ನೀಲಿ ಮಿಶ್ರಿತ ಕಪ್ಪು ಬರತ್ತೆ. ಅದರ ಒಗರು ಕಬ್ಬಿಣದ ಜೊತೆ ಸೇರಿ ಆಗೋ ಬಣ್ಣ ಅದು, ಹಳೇ ಕಾಲದ ಶಾಯಿನೂ ಇದೇ ಲೆಕ್ಕದಲ್ಲೇ ಮಾಡ್ತಿದ್ದಿದ್ದು. ಆ ಕಪ್ಪು ಪದರ ಗಟ್ಟಿಯಾಗಿ ಅಂಟ್ಕೊಂಡಿರತ್ತೆ, ಕೆಳಗಿನ ಉಕ್ಕನ್ನ ಒಂದು ಮಟ್ಟಕ್ಕೆ ಕಾಪಾಡತ್ತೆ, ಅದನ್ನ ಉಜ್ಜಿ ಉಜ್ಜಿ ಬೆಳ್ಳಗೆ ಮಾಡೋರು ತುಕ್ಕಿಗೆ ದಾರಿ ಮಾಡ್ಕೊಡ್ತಾರೆ ಅಷ್ಟೇ. ಕೆಂಪು, ಕಿತ್ತಳೆ ಬಣ್ಣದ್ದು ಮಾತ್ರ ತೆಗೀಬೇಕು, ಅದು ಪುಡಿ ಪುಡಿಯಾಗಿ ಉದುರತ್ತೆ, ನೀರು ಹಿಡಿದಿಟ್ಕೊಳ್ಳತ್ತೆ, ಒಳಗೊಳಗೇ ತಿಂತಾ ಹೋಗತ್ತೆ.

ನನ್ನ ಚಾಕುಗೆ ಜೋರಾಗಿ ತುಕ್ಕು ಬಂದಿದ್ದು ಅಣ್ಣನ ಮಗನ ಕೃಪೆಯಿಂದ. ಕೊಡಚಾದ್ರಿಗೆ ತಗೊಂಡೋಗಿ, ಸೌತೆಕಾಯಿಗೆ ಉಪ್ಪು ಖಾರ ಹಚ್ಕೊಂಡು ತಿಂದು, ಒದ್ದೆ ಅಲಗನ್ನ ಹಾಗೇ ಮಡಚಿ ಬ್ಯಾಗಿಗೆ ಹಾಕಿದ್ದಾನೆ ಮಹಾನುಭಾವ. ಉಪ್ಪು ಪ್ಲಸ್ ನೀರು, ಕೇಳ್ಬೇಕಾ. ಹಾರ್ಡ್‌ವೇರ್ ಅಂಗಡಿಲಿ ಕೇಳಿದ್ರೆ ತುಕ್ಕು ತೆಗೆಯೋ ದ್ರಾವಣದ ಬಾಟ್ಲಿ ಕೊಡೋಕೆ ಬಂದ್ರು, ನಾನು ತಗೊಳ್ಳಿಲ್ಲ. ಅಂಥವು ಗೇಟಿಗೆ, ಬೈಕ್ ಪಾರ್ಟಿಗೆ ಸರಿ. ಡಬ್ಲ್ಯೂಡಿ-40 ಅನ್ನೋ ತುಕ್ಕು ಬಿಡಿಸೋ ಸ್ಪ್ರೇ ಕೂಡ ಅಷ್ಟೇ, ಒಳ್ಳೇ ವಸ್ತುನೇ ಆದ್ರೆ ತಿನ್ನೋ ಪದಾರ್ಥ ತಾಗೋ ಜಾಗಕ್ಕಲ್ಲ. ಮಡಚೋ ಚಾಕುಲಿ ಇನ್ನೊಂದು ತೊಂದ್ರೆ ಇದೆ, ಏನೇ ಹಾಕಿದ್ರೂ ಮೊಳೆ ಸಂದಿಗೆ, ಹಿಡಿಯ ಸೀಳಿಗೆ ಇಳಿಯತ್ತೆ, ಎಷ್ಟು ತೊಳೆದ್ರೂ ಪೂರ್ತಿ ಹೋಗಲ್ಲ, ಆಮೇಲೆ ಮಾವಿನಹಣ್ಣಿನ ಜೊತೆ ಹೊಟ್ಟೆಗೇ. ಅದಕ್ಕೆ ನನ್ನ ರೂಲ್ಸು ಸಿಂಪಲ್ಲು, ಬಾಯಿಗೆ ಹೋದ್ರೂ ಪರವಾಗಿಲ್ಲ ಅನ್ನೋದನ್ನ ಮಾತ್ರ ಇದಕ್ಕೆ ಮುಟ್ಟಿಸ್ಬೇಕು. ಟಾಯ್ಲೆಟ್ ಕ್ಲೀನರ್ ಹಾಕಿ ಉಜ್ಜೋರೂ ಇದಾರೆ ಮಾರಾಯ್ರೆ, ಅದರ ಆಸಿಡ್ ತುಕ್ಕಿನ ಜೊತೆ ಉಕ್ಕನ್ನೂ ತಿನ್ನತ್ತೆ, ದಯವಿಟ್ಟು ಬೇಡ.

ನಾನು ಮಾಡಿದ್ದು ಹೀಗೆ. ರಿಂಗ್ ಲಾಕ್ ಮಾಡಿ (ಇದು ಮರೀಬೇಡಿ, ಉಜ್ಜೋವಾಗ ಅಲಗು ಮಡಚಿದ್ರೆ ಬೆರಳು ಹೋಗತ್ತೆ) ಪಾತ್ರೆ ಸೋಪಲ್ಲಿ ಜಿಡ್ಡು ತೊಳ್ಕೊಂಡೆ. ತೆಳು ತುಕ್ಕಿದ್ದ ಕಡೆ ಅಡುಗೆ ಸೋಡಾಕ್ಕೆ ಎರಡು ಹನಿ ನೀರು ಹಾಕಿ ಪೇಸ್ಟ್ ಮಾಡಿ, ಅರ್ಧ ಕತ್ತರಿಸಿದ ಆಲೂಗಡ್ಡೆಲಿ ಉಜ್ಜಿದ್ರೆ ಸುಮಾರು ಎದ್ದು ಬಂತು. ದಪ್ಪಗೆ ಕೂತಿದ್ದಕ್ಕೆ ವಿನೆಗರ್ರೇ ಬೇಕು. ಚಾಕುನ ಲೋಟದಲ್ಲಿ ಮುಳುಗಿಸ್ಬೇಡಿ, ಮರ ನೀರು ಕುಡಿಯತ್ತೆ, ಬದಲಿಗೆ ಟಿಶ್ಯೂ ಪೇಪರ್ ಅಡುಗೆ ವಿನೆಗರಲ್ಲಿ ಅದ್ದಿ ಅಲಗಿಗೆ ಮಾತ್ರ ಸುತ್ತಿ, ಹಿಡಿ ಕಡೆ ಸ್ವಲ್ಪ ಗ್ಯಾಪ್ ಬಿಟ್ಟು ಹತ್ತು ಹದಿನೈದು ನಿಮಿಷ ಇಟ್ರೆ ಸಾಕು. ರಾತ್ರಿಯಿಡೀ ಬಿಟ್ರೆ ಒಳ್ಳೇ ಉಕ್ಕೂ ಕೊರೆದು ಅಂಚು ಹಾಳಾಗತ್ತೆ. ಆಮೇಲೆ ಹಳೇ ಟೂತ್ ಬ್ರಷ್ಷಲ್ಲಿ ಬೆನ್ನಿಂದ ಅಂಚಿನ ಕಡೆಗೆ, ಯಾವತ್ತೂ ಅಂಚಿಗೆ ಎದುರಾಗಿ ಅಲ್ಲ, ಉಜ್ಜಿದ್ರೆ ಕಪ್ಪು ಕೆಸರು ಥರ ಬರತ್ತೆ. ತೊಳೆದು, ಸೋಡಾ ನೀರಲ್ಲಿ ಒಂದ್ಸಲ ಒರೆಸಿ ಹುಳಿ ಮುರೀಬೇಕು, ಮತ್ತೆ ಬರೀ ನೀರು, ಕೂಡ್ಲೇ ಒಣ ಬಟ್ಟೆ. ಕೂಡ್ಲೇ ಅಂದ್ರೆ ಕೂಡ್ಲೇನೇ, ಹುಳಿ ತಾಗಿ ಬೆತ್ತಲಾದ ಉಕ್ಕಿಗೆ ನೀವು ಫೋನ್ ನೋಡ್ಕೊಂಡು ಬರೋಷ್ಟ್ರಲ್ಲಿ ಮತ್ತೆ ಕಿತ್ತಳೆ ಬಣ್ಣ ಬಂದಿರತ್ತೆ.

ಹುಣಸೆಹಣ್ಣು ಆಗಲ್ವಾ ಅಂತ ಅಮ್ಮ ಕೇಳಿದ್ರು. ಆಗತ್ತೆ, ಅದರ ಹುಳಿನೂ ತುಕ್ಕು ಬಿಡಿಸತ್ತೆ, ಆದ್ರೆ ನಾರು ಸೀಳಿನೊಳಗೆ ಸಿಕ್ಕಾಕೊಂಡು ಪರದಾಟ. ಈಳಿಗೆ ಮಣೆಗಾದ್ರೆ ಚೆನ್ನಾಗಿರತ್ತೆ. ಅಂದ ಹಾಗೆ ಮನೆ ಈಳಿಗೆ ಕಬ್ಬಿಣದ್ದೇ ಆದ್ರೂ ಹೆಚ್ಚು ತುಕ್ಕು ಹಿಡೀತಿರ್ಲಿಲ್ಲ ಯಾಕೆ ಅಂದ್ರೆ ದಿನಾ ಬಳಕೆ, ದಿನಾ ಒರೆಸೋದು, ಹಲಸಿನಹಣ್ಣು ಕೊಯ್ಯೋವಾಗೆಲ್ಲ ಮೇಣ ಅಂಟ್ದೇ ಇರ್ಲಿ ಅಂತ ತೆಂಗಿನೆಣ್ಣೆ ಬೇರೆ.

ತುಕ್ಕು ಹೋದ ಜಾಗದಲ್ಲಿ ಸಣ್ಣ ಗುಂಡಿಗಳು ಉಳಿದಿದ್ರೆ ಬೆಳಕಿಗೆ ಹಿಡಿದು ನೋಡಿ. ತುಕ್ಕು ತಾಗಿದ್ರೆ ಧನುರ್ವಾಯು ಬರತ್ತೆ ಅಂತ ಎಲ್ರೂ ಹೆದರ್ಸ್ತಾರೆ, ಆ ರೋಗ ಬರೋದು ಮಣ್ಣಲ್ಲಿ ಸಗಣಿಲಿ ಇರೋ ಬ್ಯಾಕ್ಟೀರಿಯಾ ಗಾಯದೊಳಗೆ ಹೋದ್ರೆ, ಬರೀ ತುಕ್ಕಿಂದಲ್ಲ. ಹಂಗಂತ ಒರಟು ಗುಂಡಿ ಒಳ್ಳೇದೂ ಅಲ್ಲ, ಅದರಲ್ಲಿ ಆಹಾರದ ಚೂರು ಕೂತು ಕೊಳೆಯತ್ತೆ. ಅಂಚಲ್ಲಿದ್ರೆ ಸಾಣೆ ಹಿಡಿದು ತೆಗೀಬೋದು, ಮೊಳೆ ಹತ್ರ ಪದರ ಪದರವಾಗಿ ಎದ್ದಿದ್ರೆ ಆ ಚಾಕುನ ಹಗ್ಗ, ರಟ್ಟು ಕತ್ತರಿಸೋಕೆ ಬಿಟ್ಬಿಡಿ. ನಂದು ಬಚಾವಾಯ್ತು. ಶುಚಿ ಮಾಡಿದ್ಮೇಲೆ ಮೊದ್ಲು ಒಂದು ಆಲೂಗಡ್ಡೆ ಹೆಚ್ಚಿ ಬಿಸಾಕಿದೆ, ಆಮೇಲೆ ತಿನ್ನೋದು.

ಮತ್ತೆ ತುಕ್ಕು ಹಿಡೀದೇ ಇರ್ಲಿ ಅಂತ ಹಚ್ಚೋ ಎಣ್ಣೆ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಆನ್‌ಲೈನಲ್ಲಿ ಫುಡ್ ಗ್ರೇಡ್ ಮಿನರಲ್ ಆಯಿಲ್ ಅಂತ ಚಿಕ್ಕ ಬಾಟ್ಲಿಗೂ ಸಿಕ್ಕಾಪಟ್ಟೆ ರೇಟು. ಮೆಡಿಕಲ್ ಶಾಪಲ್ಲಿ ಮಲಬದ್ಧತೆಗೆ ಅಂತ ಲಿಕ್ವಿಡ್ ಪ್ಯಾರಾಫಿನ್ ಸಿಗತ್ತಲ್ಲ, ಲೇಬಲ್ ಮೇಲೆ ಐಪಿ (ಇಂಡಿಯನ್ ಫಾರ್ಮಕೋಪಿಯಾ, ಅಂದ್ರೆ ಔಷಧಿ ಗುಣಮಟ್ಟದ್ದು) ಅಂತ ಇರೋದು, ಸೆಂಟ್ ಸೇರಿಸದೇ ಇರೋದು, ಅದೂ ಮಿನರಲ್ ಆಯಿಲ್ಲೇ, ಕುಡಿಯೋಕೆ ಕೊಡೋದು ಅಂದ್ಮೇಲೆ ಚಾಕುಗೆ ಇನ್ನೇನು. ಮೊಳೆಗೆ ಒಂದು ಹನಿ, ಅಲಗಿಗೆ ತೆಳುವಾಗಿ ಒಂದು ಕೈ. ತೆಂಗಿನೆಣ್ಣೆನೂ ನಡೆಯತ್ತೆ, ಬೇಗ ಕಮಟಾಗಲ್ಲ. ಸೂರ್ಯಕಾಂತಿ ಎಣ್ಣೆ ಬೇಡ, ದಿನ ಕಳೆದ ಹಾಗೆ ಅಂಟು ಅಂಟಾಗಿ ಚಾಕು ಬಿಚ್ಚೋಕೇ ಬರಲ್ಲ.

ಬಿಚ್ಚೋಕೆ ಬರದೇ ಇರೋಕೆ ಇನ್ನೊಂದು ಕಾರಣ ಮರ ಊದ್ಕೊಳ್ಳೋದು, ನೀರಲ್ಲಿ ನೆನೆಸ್ಬೇಡಿ ಡಿಶ್‌ವಾಶರಿಗೆ ಹಾಕ್ಬೇಡಿ ಅಂತ ಕಂಪನಿನೇ ಹೇಳತ್ತೆ. ನಮ್ಮ ಮಳೆಗಾಲದ ಗಾಳಿಯ ತೇವಕ್ಕೇ ಸ್ವಲ್ಪ ಬಿಗಿಯಾಗತ್ತೆ. ಆಗ ಉಗುರು ಹಾಕಿ ಎಳೆದಾಡ್ಬೇಡಿ, ರಿಂಗ್ ಸಡಿಲಿಸಿ ಹಿಡಿಯ ಹಿಂದಿನ ತುದಿನ ಮೇಜಿನ ಅಂಚಿಗೆ ಟಕ್ ಅಂತ ಕುಟ್ಟಿದ್ರೆ ಅಲಗು ತಾನೇ ಎದ್ದು ಹೊರಗೆ ಬರತ್ತೆ, ಸವೊಯ್ ಕಡೆಯವರ ಹಳೇ ಟ್ರಿಕ್ಕು ಅದು. ರಾತ್ರಿ ಇಡೋವಾಗ ನಾನು ಬಿಚ್ಚೇ ಇಡ್ತೀನಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಸೀಳು ಒಣಗ್ಲಿ ಅಂತ. ಚರ್ಮದ ಕವರಲ್ಲಿ ಇಡೋದು ನೋಡೋಕೆ ಚೆಂದ, ಆದ್ರೆ ಚರ್ಮ ತೇವ ಹಿಡಿದಿಟ್ಕೊಳ್ಳತ್ತೆ, ಬೇಡ.

ಒಂದು ಮೈನಸ್ಸು ಸರಿಯಾಗೋದೇ ಇಲ್ಲ. ಮಾವಿನಕಾಯಿ, ನಿಂಬೆಹಣ್ಣು ಈ ಅಲಗಲ್ಲಿ ಕೊಯ್ದ್ರೆ ಹೋಳಿನ ಅಂಚು ಕಪ್ಪಾಗತ್ತೆ, ಕಬ್ಬಿಣದ ರುಚಿ ತಾಗತ್ತೆ, ಹೊಸದರಲ್ಲಂತೂ ಈರುಳ್ಳಿಗೂ ಹಾಗೇ. ಕಪ್ಪು ಪದರ ಚೆನ್ನಾಗಿ ಕೂತ್ಮೇಲೆ ಕಮ್ಮಿ ಆಗತ್ತೆ, ಪೂರ್ತಿ ಹೋಗಲ್ಲ. ಉಪ್ಪಿನಕಾಯಿ ಸೀಸನ್ನಿಗೆ ಅಂತ ತಗೊಳ್ಳೋರಿಗೆ ಇದು ಬೇಡ್ವೇ ಬೇಡ, ಮಂಗಳೂರು ಕಾರವಾರದಂಥ ಉಪ್ಪು ಗಾಳಿ ಊರಿನೋರೂ ಎರಡು ಸಲ ಯೋಚ್ನೆ ಮಾಡಿ. ಬೆಂಗಳೂರು, ಧಾರವಾಡ, ಬಿಜಾಪುರದ ಕಡೆ ಆದ್ರೆ ಧೈರ್ಯವಾಗಿ ತಗೊಳ್ಳಿ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಆರ್ಡರ್ ಮಾಡೋವಾಗ ಅಲಗಿನ ಮೇಲಿನ ಅಚ್ಚು ಫೋಟೋಲಿ ಜೂಮ್ ಮಾಡಿ ನೋಡಿ, ಫ್ರೆಂಚಲ್ಲಿ ಕಾರ್ಬೋನ್ ಅಂತ ಇದ್ರೆ ಇದು, ಇನಾಕ್ಸ್ ಅಂತ ಇದ್ರೆ ಸ್ಟೇನ್‌ಲೆಸ್, ಕೆಲವು ಸೆಲ್ಲರ್‌ಗಳು ಎರಡಕ್ಕೂ ಒಂದೇ ಫೋಟೋ ಹಾಕಿರ್ತಾರೆ.