ಕೋವಿ ಕೆಲಸಕ್ಕೆ ಯಾವ ಮಿಲ್ಲಿಂಗ್ ಮಷಿನ್? ಮಿನಿ, ಬೆಂಚ್, ಬ್ರಿಡ್ಜ್‌ಪೋರ್ಟ್

ಹಳೆಯ ಬೇಟೆ ಕೋವಿಗೆ ಸ್ಕೋಪ್ ಕೂರಿಸುವುದು, ಸವೆದ ಫ್ರಂಟ್ ಸೈಟ್ (ಗುರಿ ಹಿಡಿಯಲು ಬ್ಯಾರೆಲ್ ತುದಿಯಲ್ಲಿರುವ ಗುರುತು) ಬದಲಿಸುವುದು. ಅಮೆರಿಕದ ಗ್ಯಾರೇಜುಗಳಲ್ಲಿ ಹವ್ಯಾಸಕ್ಕೆ ನಡೆಯುವ ಕೋವಿ ಕೆಲಸದಲ್ಲಿ ಇವೆರಡೇ ಜಾಸ್ತಿ. ನಾನು ಮಾಡುವುದೂ ಇವನ್ನೇ. ಇದಕ್ಕೆ ಬೇಕಾದದ್ದು ಮಿಲ್ಲಿಂಗ್ ಮಷಿನ್, ಅಂದರೆ ತಿರುಗುವ ಕಟರ್‌ನಿಂದ ಲೋಹ ಕೊರೆಯುವ ಯಂತ್ರ. ಪುಟ್ಟ ಮಿನಿ ಮಿಲ್ ಮತ್ತು ಅದಕ್ಕಿಂತ ದೊಡ್ಡ ಬೆಂಚ್ ಮಿಲ್ ಎರಡನ್ನೂ ನನ್ನ ಗ್ಯಾರೇಜಿನಲ್ಲೇ ಬಳಸಿದ್ದೇನೆ. ನೆಲದ ಮೇಲೆ ನಿಲ್ಲುವ ದೊಡ್ಡ ಬ್ರಿಡ್ಜ್‌ಪೋರ್ಟ್ ಇರುವುದು ಗೆಳೆಯನ ಶೆಡ್ಡಿನಲ್ಲಿ. ಒಂದೇ ಕೆಲಸವನ್ನು ಮೂರರಲ್ಲೂ ಮಾಡಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ನಮ್ಮದೇ ಕೋವಿಗೆ ಇಂಥ ಕೆಲಸ ಮಾಡಿಕೊಳ್ಳಲು ಲೈಸೆನ್ಸ್ ಬೇಡ. ಬೇರೆಯವರ ಕೋವಿ ತೆಗೆದುಕೊಂಡು ಅದನ್ನೇ ಕಸುಬು ಮಾಡಿಕೊಂಡರೆ ಬೇಕು. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ರಿಪೇರಿಗೂ ಲೈಸೆನ್ಸ್ ಕೇಳುತ್ತಾರೆ. ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಭೂಮಿ ಇರುವವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ರಿಪೇರಿ ಅಂಗಡಿ ತೆರೆಯುವುದಕ್ಕಲ್ಲ. ಊರಿನಲ್ಲಿ ಇರುವವರು ಇದನ್ನು ಓದಿ ಮಷಿನ್ ತಗೊಂಡರೆ ಬೇರೆ ಕೆಲಸಕ್ಕೆ ಬಳಸಿ.

ಮಿನಿ ಮಿಲ್ ಅಂದರೆ ಎಕ್ಸ್2 ಮಾದರಿಯದು. ಇಬ್ಬರು ಸೇರಿ ಎತ್ತಬಹುದು, ಮೇಜಿನ ಮೇಲೆ ಕೂರುತ್ತದೆ. ಅಲ್ಯೂಮಿನಿಯಂ, ಹಿತ್ತಾಳೆ ಚೆನ್ನಾಗಿ ಕತ್ತರಿಸುತ್ತದೆ. ತೊಂದರೆ ಬರುವುದು ಉಕ್ಕಿಗೆ ಕೈ ಹಾಕಿದಾಗ. ಹಳೆಯ ವಿನ್ಯಾಸದಲ್ಲಿ ಕಾಲಮ್ (ಮೋಟರ್ ಇರುವ ಹೆಡ್ ಅನ್ನು ಹೊತ್ತ ಕಂಬ) ಪಕ್ಕಕ್ಕೆ ವಾಲುವಂತೆ ಇರುತ್ತದೆ, ಕೆಳಗೆ ಒಂದೇ ದೊಡ್ಡ ನಟ್ ಅದನ್ನು ಹಿಡಿದಿರುತ್ತದೆ. ಕಟರ್ ತಿರುಗಿಸುವ ಸ್ಪಿಂಡಲ್‌ಗೆ ಡಯಲ್ ಇಂಡಿಕೇಟರ್ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಸಿಕ್ಕಿಸಿ, ಟೇಬಲ್‌ಗೆ ತಾಗಿಸಿ, ಹೆಡ್ ಅನ್ನು ಕೈಯಿಂದ ತಳ್ಳಿ ನೋಡಿ. ಮುಳ್ಳು ಅಲುಗುವುದು ಕಣ್ಣಿಗೇ ಕಾಣುತ್ತದೆ. ಕೈಗೇ ಬಾಗುವ ಕಾಲಮ್ ಕಟರ್ ಎದುರು ಹೇಗೆ ನಿಂತೀತು?

ಸೈಟ್ ಕೂರಿಸುವ ಡವ್‌ಟೇಲ್ (ಬಾಯಿ ಕಿರಿದು, ತಳ ಅಗಲ ಇರುವ ತೋಡು) ಕೊರೆಯುವಾಗ ಇದು ಪೂರ್ತಿ ಬಯಲಾಗುತ್ತದೆ. ಅಮೆರಿಕದ ಕೋವಿಗಳಲ್ಲಿ ರೂಢಿಯಲ್ಲಿರುವುದು 3/8 ಇಂಚು ಅಗಲದ, 60 ಡಿಗ್ರಿ ಡವ್‌ಟೇಲ್. ಮೊದಲು 1/4 ಇಂಚಿನ ಎಂಡ್ ಮಿಲ್‌ನಲ್ಲಿ (ನೇರ ಬದಿಯ ಕಟರ್) ನೇರ ತೋಡು ತೆಗೆಯಬೇಕು. ಆಮೇಲೆ ಡವ್‌ಟೇಲ್ ಕಟರ್ ಅನ್ನು ಪೂರ್ತಿ ಆಳಕ್ಕೆ ಇಳಿಸಿ ಪಕ್ಕದಿಂದ ಒಳಗೆ ಬಿಡಬೇಕು. ಸ್ವಲ್ಪ ಸ್ವಲ್ಪವೇ ಆಳ ಹೆಚ್ಚಿಸುತ್ತಾ ಹೋಗುವ ಹಾಗಿಲ್ಲ. ಕಟರ್‌ನ ಕತ್ತು ಸಣ್ಣ, ಹಿಡಿದ ಲೋಹ ಜಾಸ್ತಿ. ಮಿನಿ ಮಿಲ್ ಇಲ್ಲಿ ಗಡಗಡ ನಡುಗುತ್ತದೆ, ತೋಡಿನ ಗೋಡೆಯಲ್ಲಿ ಅಲೆ ಬರುತ್ತದೆ. ಸೈಟ್ ಬಿಗಿಯಾಗಿ ಕೂರುವುದಿಲ್ಲ. ಟೇಬಲ್ ಓಡುವುದು ಕೂಡ ಒಂಬತ್ತು ಇಂಚಿನ ಆಸುಪಾಸು. ಉದ್ದ ಬ್ಯಾರೆಲ್ ಎರಡೂ ಕಡೆ ಜೋತು ಬೀಳುತ್ತದೆ. ಎರಡೂ ತುದಿಗೆ ಆಸರೆ ಕೊಡದೆ ಕಟರ್ ಇಳಿಸಲೇಬೇಡಿ.

ಬೆಂಚ್ ಮಿಲ್‌ಗಳಲ್ಲಿ ಗ್ರಿಜ್ಲಿಯ ಜಿ0704, ಪ್ರಿಸಿಷನ್ ಮ್ಯಾಥ್ಯೂಸ್‌ನ ಪಿಎಂ-25 ತರದವು ನನ್ನ ಆಯ್ಕೆ. ಜಿ0704ರಲ್ಲಿ 1 ಅಶ್ವಶಕ್ತಿ ಮೋಟರ್, 50ರಿಂದ 2250 ಆರ್‌ಪಿಎಂ, ಉದ್ದಕ್ಕೆ ಹತ್ತಿರ ಹತ್ತಿರ 19 ಇಂಚು ಓಟ. ಇದೇ ಡವ್‌ಟೇಲ್ ಅನ್ನು 300 ಆರ್‌ಪಿಎಂ ಒಳಗೆ ಇಟ್ಟು, ಬೇಡದ ದಿಕ್ಕಿನ ಓಟವನ್ನು ಲಾಕ್ ಮಾಡಿ, ಎಣ್ಣೆ ಹಾಕಿ ಬಿಟ್ಟರೆ ಗೋಡೆ ನುಣ್ಣಗೆ ಬರುತ್ತದೆ.

ಇದರ ದೊಡ್ಡ ಗುಣ ಬೇರೆಯೇ ಇದೆ. ಹೆಡ್ ಮೇಲೆ ಕೆಳಗೆ ಓಡಾಡುವುದು ಚೌಕ ಕಾಲಮ್‌ನ ಜಾರುಹಾದಿಯ ಮೇಲೆ. ಇದೇ ಬೆಲೆಗೆ ದುಂಡು ಕಾಲಮ್‌ನ ಮಿಲ್-ಡ್ರಿಲ್‌ಗಳು ಹಳೆಯ ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ಆದರೂ ಕೋವಿ ಕೆಲಸಕ್ಕೆ ಬೇಡ. ಸ್ಕೋಪ್ ಬೇಸ್‌ಗೆ (ಸ್ಕೋಪ್ ಕೂರುವ ಪಟ್ಟಿ) ಸಾಮಾನ್ಯವಾಗಿ 6-48 ಸ್ಕ್ರೂ, ಅಂದರೆ 6ನೇ ನಂಬರ್ ಗಾತ್ರ, ಇಂಚಿಗೆ 48 ಎಳೆ. ಅದಕ್ಕೆ ಮೊದಲು ಸೆಂಟರ್ ಡ್ರಿಲ್, ಆಮೇಲೆ 31ನೇ ನಂಬರ್ ಡ್ರಿಲ್, ಆಮೇಲೆ ತೂತಿನೊಳಗೆ ಎಳೆ ಕೊರೆಯುವ ಟ್ಯಾಪ್. ಒಂದೊಂದರ ಉದ್ದವೂ ಬೇರೆ, ನಡುವೆ ಹೆಡ್ ಎತ್ತಬೇಕಾಗುತ್ತದೆ. ದುಂಡು ಕಾಲಮ್‌ನಲ್ಲಿ ಹೆಡ್ ಎತ್ತಿದ ಕೂಡಲೇ ಅದು ತಿರುಗುತ್ತದೆ, ಹಿಡಿದ ಸೆಂಟರ್ ಹೋಯಿತು. ತೂತುಗಳು ಬ್ಯಾರೆಲ್‌ನ ನೇರಕ್ಕೆ ಸಾಲಾಗಿ ಇರದಿದ್ದರೆ ಸ್ಕೋಪ್ ಪಕ್ಕಕ್ಕೆ ನೋಡುತ್ತದೆ. ಅದನ್ನು ಸರಿಮಾಡುವಷ್ಟರಲ್ಲಿ ಸ್ಕೋಪ್‌ನ ಅಡ್ಡ ತಿರುಪು ಮುಗಿದುಹೋಗಿರುತ್ತದೆ.

ತೂತು ಹಾಕುವ ಮುಂಚೆ ಒಂದು ಕೋರಿಕೆ. ಮೌಸರ್ 98 ಅಥವಾ ಸ್ಪ್ರಿಂಗ್‌ಫೀಲ್ಡ್ 1903 ಸೇನೆಯಿಂದ ಬಂದ ಹಾಗೆಯೇ, ಏನೂ ಬದಲಾಗದೆ ಉಳಿದಿದ್ದರೆ ದಯವಿಟ್ಟು ಅದನ್ನು ಮುಟ್ಟಬೇಡಿ. ಹಿಂದೆ ಯಾರೋ ಬೇಟೆ ಕೋವಿಯಾಗಿ ಮಾರ್ಪಡಿಸಿದ್ದು ಬೇಕಾದಷ್ಟು ಸಿಗುತ್ತವೆ, ಕೆಲಸ ಅದರ ಮೇಲೆ ಮಾಡಿ. ಮೌಸರ್‌ನ ಮೇಲ್ಮೈ ಗಟ್ಟಿ, ಮಾಮೂಲಿ ಡ್ರಿಲ್ ಜಾರುತ್ತದೆ. ಕಾರ್ಬೈಡ್ ಬೇಕಾಗುತ್ತದೆ. ಸ್ಕೋಪ್ ತೀರಾ ತಗ್ಗಾಗಿ ಕೂರಿಸಿದರೆ ಹಳೆಯ ಬೋಲ್ಟ್ ಹಿಡಿ, ಸೇಫ್ಟಿ ಎರಡೂ ಅದಕ್ಕೆ ತಾಗುತ್ತವೆ ಎನ್ನುವುದೂ ಲೆಕ್ಕದಲ್ಲಿರಲಿ.

ಇನ್ನು ಬ್ರಿಡ್ಜ್‌ಪೋರ್ಟ್. ಕನೆಟಿಕಟ್‌ನ ಬ್ರಿಡ್ಜ್‌ಪೋರ್ಟ್ ಊರಿನಲ್ಲಿ 1938ರಿಂದ ಬಂದ ಮಷಿನ್. ತೂಕ ಒಂದು ಟನ್ ಹತ್ತಿರ. ಅದರ ಮೇಲೆ ಡವ್‌ಟೇಲ್ ಕೊರೆಯುವುದೇ ಖುಷಿ: ನಡುಕವಿಲ್ಲ, ಸದ್ದು ಕೂಡ ಬೇರೆ. ಟೇಬಲ್ ಹೊತ್ತ ‘ನೀ’ (knee) ಎಂಬ ಭಾಗವೇ ಮೇಲೆ ಕೆಳಗೆ ಹೋಗುವುದರಿಂದ ಹೆಡ್ ಮುಟ್ಟುವ ಅಗತ್ಯವೇ ಬರುವುದಿಲ್ಲ. 42 ಇಂಚಿನ ಟೇಬಲ್ ಮೇಲೆ ಇಡೀ ಬ್ಯಾರೆಲ್ ಮಲಗುತ್ತದೆ. ಕೆಲಸ ಮಾತ್ರ ನೋಡಿದರೆ ಇದಕ್ಕೆ ಸಾಟಿಯಿಲ್ಲ. ಆದರೆ ಸಾಗಿಸಲು ಫೋರ್ಕ್‌ಲಿಫ್ಟ್ ಬೇಕು. ಬಹುಪಾಲು ಮಷಿನ್‌ಗಳಿಗೆ ತ್ರೀ ಫೇಸ್ ಮೋಟರ್, ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ಅದನ್ನು ಓಡಿಸಲು ವಿಎಫ್‌ಡಿ ಎಂಬ ಪರಿವರ್ತಕ ಹಾಕಿಸಬೇಕು. ಹಳೆಯದನ್ನು ಕೊಳ್ಳುವಾಗ ಟೇಬಲ್ ಅನ್ನು ನಡುವಿನಲ್ಲಿ ನಿಲ್ಲಿಸಿ ಒಮ್ಮೆ, ತುದಿಗೆ ಓಡಿಸಿ ಒಮ್ಮೆ ಹಿಡಿ ತಿರುಗಿಸಿ ನೋಡಿ. ಟೇಬಲ್ ಓಡಿಸುವ ಸ್ಕ್ರೂ ಸವೆಯುವುದು ನಡುವಿನಲ್ಲಿ. ಅಲ್ಲಿ ಸಡಿಲ, ತುದಿಯಲ್ಲಿ ಬಿಗಿ ಇದ್ದರೆ ಬೆಲೆ ಇಳಿಸಿ ಕೇಳಿ.

ನೆಲ, ಕರೆಂಟು, ಸಾಗಣೆ ಮೂರೂ ಹೊಂದಿದರೆ ಬ್ರಿಡ್ಜ್‌ಪೋರ್ಟ್ ತಗೊಳ್ಳಿ. ಇಲ್ಲದಿದ್ದರೆ ಚೌಕ ಕಾಲಮ್‌ನ ಬೆಂಚ್ ಮಿಲ್. ಯಾವ ಮಷಿನ್ ಆದರೂ ಸ್ಪಿಂಡಲ್ ಆರ್8 ಇರಲಿ. ಅದು ಸ್ಪಿಂಡಲ್ ಬಾಯಿಗೆ ಬ್ರಿಡ್ಜ್‌ಪೋರ್ಟ್‌ನವರೇ ತಂದ ಅಳತೆ. ಮಿನಿ ಮಿಲ್‌ನಲ್ಲೂ ಆರ್8 ಆರಿಸಿದರೆ ಕಟರ್ ಹಿಡಿಯುವ ಕೊಲೆಟ್‌ಗಳೆಲ್ಲ ಮುಂದಿನ ದೊಡ್ಡ ಮಷಿನ್‌ಗೆ ಹಾಗೆಯೇ ಹೋಗುತ್ತವೆ. ಉಳಿದ ದುಡ್ಡಿನಲ್ಲಿ ಮೊದಲು ಒಳ್ಳೆಯ ವೈಸ್, ಎರಡನೆಯದು ಡಯಲ್ ಇಂಡಿಕೇಟರ್. ಡಿಜಿಟಲ್ ರೀಡೌಟ್ (ಟೇಬಲ್ ಎಷ್ಟು ಓಡಿತೆಂದು ತೋರಿಸುವ ಪರದೆ) ಆಮೇಲೆ ನೋಡಿಕೊಳ್ಳಬಹುದು.