ಸ್ಪಿನೋಜಾ, ಕಾಂಟ್, ಹ್ಯೂಮ್: ಲಾ ಚರ್ಚೆಗೆ ಯಾರ ಕಡೆ ನಿಲ್ಲಲಿ?

ತುಮಕೂರಿನಲ್ಲಿ ಲಾ ಓದುತ್ತಿರುವ ತಂಗಿಯೊಬ್ಬಳ ಪ್ರಶ್ನೆ ಇದು. ವಿಷಯ: ಮನುಷ್ಯನ ಇಚ್ಛೆ ಸ್ವತಂತ್ರವೇ? ಈ ಪ್ರಶ್ನೆಗೆ ಮೂರು ಬೇರೆ ಉತ್ತರ ಕೊಟ್ಟ ಯುರೋಪಿನ ತತ್ವಜ್ಞಾನಿಗಳು ಈ ಮೂವರು.

ವಾದಿಸಲು ಸುಲಭ ಕಾಂಟ್. 'ಮಾಡಬೇಕು' ಅಂದರೆ 'ಮಾಡಬಲ್ಲೆ' ಅಂತಲೇ ಅರ್ಥ, ಹಾಗಾಗಿ ಇಚ್ಛೆ ಸ್ವತಂತ್ರ ಅನ್ನುತ್ತಾನೆ. ಆ ಬಲ ಎಲ್ಲಿಂದ ಬಂತು ಅಂತ ಎದುರಾಳಿ ಕೇಳಿದರೆ ಮಾತ್ರ ಕಷ್ಟ. ಸ್ಪಿನೋಜಾ ಪ್ರಕಾರ ಎಲ್ಲಕ್ಕೂ ಕಾರಣವಿದೆ. ಆ ಕಾರಣ ಗೊತ್ತಿಲ್ಲದ್ದಕ್ಕೇ ನಾವು ಸ್ವತಂತ್ರರು ಅಂದುಕೊಳ್ಳುತ್ತೇವೆ. ಕೇಳುವವರಿಗೆ ಇದು ಬೇಗ ರುಚಿಸುವುದಿಲ್ಲ.

ನಮ್ಮ ಕಾನೂನಿಗೆ ಹತ್ತಿರ ಇರುವವನು ಹ್ಯೂಮ್. ಆಸೆಗೆ ಕಾರಣವಿದ್ದರೂ ಪರವಾಗಿಲ್ಲ, ಒತ್ತಾಯವಿಲ್ಲದೆ ತನ್ನಿಚ್ಛೆಯಂತೆ ನಡೆದರೆ ಸಾಕು, ಅದೇ ಸ್ವಾತಂತ್ರ್ಯ ಅನ್ನುತ್ತಾನೆ. ಬಿ.ಎಚ್. ರಸ್ತೆಯಲ್ಲಿ ಮೊಬೈಲ್ ಕದ್ದವನ ಆಸೆ ಹುಟ್ಟಿದ್ದೆಲ್ಲಿ ಅಂತ ಕೋರ್ಟ್ ಜಾಸ್ತಿ ಕೆದಕುವುದಿಲ್ಲ, ಅಲ್ವಾ? ಅಪರಾಧ, ಶಿಕ್ಷೆಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ನೋಡುವುದು, ಮನಸ್ಸು ಸರಿಯಿಲ್ಲದೆ ತಾನು ಮಾಡುವುದೇನೆಂದೋ, ಅದು ತಪ್ಪೆಂದೋ ತಿಳಿಯುವ ಶಕ್ತಿಯೇ ಅವನಿಗೆ ಇರಲಿಲ್ಲವೇ ಎಂದು. 32ನೆಯದು ತಕ್ಷಣ ಕೊಲ್ಲುವ ಬೆದರಿಕೆಗೆ ಮಣಿದವನನ್ನು ಬಿಡುತ್ತದೆ. ಕೊಲೆಗೆ ಆ ರಿಯಾಯಿತಿ ಇಲ್ಲ.

ಶಿಕ್ಷೆಯ ವಿಷಯ ಬಂದರೆ ಲೆಕ್ಕ ಬದಲಾಗುತ್ತದೆ. ತಪ್ಪಿಗೆ ತಕ್ಕ ಶಿಕ್ಷೆ ಆಗಲೇಬೇಕು ಅನ್ನುವ ವಾದಕ್ಕೆ ಕಾಂಟ್. ಸೇಡು ಬೇಡ, ಸುಧಾರಣೆ ಸಾಕು ಅನ್ನುವುದಾದರೆ ಸ್ಪಿನೋಜಾ. ಸೆಕ್ಷನ್ ಹಿಡಿದೇ ವಾದಿಸಬೇಕಿದ್ದರೆ ನಾನಂತೂ ಹ್ಯೂಮ್ ಕಡೆ ನಿಲ್ಲುತ್ತೇನೆ.